ಉಕ್ಕಿನ ಗುರಿ ಮತ್ತು ಅನರ್ಥದಂಡ

ಅಮೆರಿಕದಲ್ಲಿ 1873ರ ಮಾದರಿಯ ವಿಂಚೆಸ್ಟರ್ ಲಿವರ್ ರೈಫಲಿಗೆ ಕರಿಮದ್ದಿನ ತೋಟಾಗಳನ್ನು ತುಂಬಿ ಉಕ್ಕಿನ ಫಲಕಗಳಿಗೆ ಗುಂಡು ಹೊಡೆಯುವ ವಿನೋದವೊಂದು ಪ್ರಚಲಿತವಾಗಿದೆ. ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಈ ಮಿಶ್ರಣವನ್ನು ಹೊಗೆಯಿಲ್ಲದ ಮದ್ದು 19ನೆಯ ಶತಮಾನದ ಅಂತ್ಯದಲ್ಲಿಯೇ ಹಿಂದಿಕ್ಕಿತು. ಆದರೂ ಹಳೆಯ ಕಾಲದ ವೇಷ ತೊಟ್ಟು, ಆ ದಟ್ಟ ಹೊಗೆಗಾಗಿಯೇ ಅದನ್ನು ಬಳಸುವವರಿದ್ದಾರೆ. ‘ಜೀವಹಾನಿಯೇ ಇಲ್ಲದಲ್ಲಿ ದೋಷವೆಲ್ಲಿ?’ ಎಂಬುದು ಅವರ ವಾದ.

ವಾದದಲ್ಲಿ ಅರ್ಧ ಸತ್ಯವುಂಟು. ಉಕ್ಕಿಗೆ ನೋವಿಲ್ಲ. ಮದ್ದಿನ ಮಸಿಯಿಂದ ತುಕ್ಕು ಹಿಡಿಯದಂತೆ ನಳಿಗೆಯನ್ನು ನೀರಿನಿಂದ ತೊಳೆದು, ಒಣಗಿಸಿ, ಎಣ್ಣೆ ಸವರುವ ಶಿಸ್ತೂ ಮೆಚ್ಚತಕ್ಕದ್ದೇ. ಆದರೆ ಶಿಸ್ತು ಬೇಟೆಗಾರನಲ್ಲಿಯೂ ಇರುತ್ತದೆ. ಅಷ್ಟರಿಂದಲೇ ಕಾರ್ಯವು ನಿರ್ದೋಷವಾಗದು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಆಯುಧಾದಿಗಳನ್ನು ಒದಗಿಸುವ ಹಿಂಸಾದಾನವನ್ನೂ, ಪರರ ವಧಬಂಧನಗಳನ್ನು ಚಿಂತಿಸುವ ಅಪಧ್ಯಾನವನ್ನೂ ಅನರ್ಥದಂಡದಲ್ಲಿಯೇ ಎಣಿಸಿದ್ದಾರೆ. ಆತ್ಮರಕ್ಷಣೆಯ ವಿರೋಧಿ ಹಿಂಸೆಗೆ ಗೃಹಸ್ಥನ ಬಳಿ ಒಂದು ಕಾರಣವಾದರೂ ಇದೆ. ವಿನೋದಕ್ಕೆ ಯಾವ ಕಾರಣ?

ಈ ರೈಫಲನ್ನು ‘ಪಶ್ಚಿಮವನ್ನು ಗೆದ್ದ ಬಂದೂಕು’ ಎಂದು ಹೊಗಳುವುದುಂಟು. ಗೆದ್ದದ್ದು ಬರಿದಾದ ನೆಲವನ್ನಲ್ಲ. ಅಲ್ಲಿ ಮೂಲನಿವಾಸಿಗಳು ಬಾಳುತ್ತಿದ್ದರು. ಕೋಟಿಗಟ್ಟಲೆ ಬೈಸನ್‌ಗಳು ಮೇಯುತ್ತಿದ್ದವು. 1880ರ ದಶಕದ ಅಂತ್ಯಕ್ಕೆ ಬೇಟೆಯಿಂದ ಆ ಪ್ರಾಣಿಗಳು ಬಹುತೇಕ ನಾಶವಾಗಿದ್ದವು. ಆ ಕಾಲದ ವೇಷ ಧರಿಸಿ ಆನಂದಿಸುವವನು ಆ ವಧೆಗೂ ಮನಸ್ಸಿನಲ್ಲಿ ಅನುಮೋದನೆ ನೀಡುತ್ತಿಲ್ಲವೇ? ಕೃತ, ಕಾರಿತ, ಅನುಮೋದನೆ ಮೂರೂ ಬಂಧಕಾರಕವೆಂಬುದನ್ನು ಯಾವ ಶ್ರಾವಕನೂ ಮರೆಯುವಂತಿಲ್ಲ.

ಆ ದೇಶದಲ್ಲಿ ನೆಲೆಸಿದ ಜೈನ ಕುಟುಂಬದ ಯುವಕನಿಗೆ ಇಂತಹ ಆಟಕ್ಕೆ ಕರೆ ಬಂದರೆ, ಯಾವ ಜೀವವೂ ಸಾಯಲಿಲ್ಲವೆಂಬ ಸಮಾಧಾನದಲ್ಲಿ ಹಿರಿಯರು ಸುಮ್ಮನಾಗಬಾರದು. ಅವನ ಮನಸ್ಸು ಯಾವುದಕ್ಕೆ ಪಳಗುತ್ತಿದೆ ಎಂಬುದನ್ನೂ ವಿಚಾರಿಸಬೇಕು.