ಜೈವಿಕ ಇಂಜಿನಿಯರಿಂಗ್ ಮತ್ತು ನಮ್ಮ ಅಡಿಕೆ ಮರ

ಪಿ.ಯು.ಸಿ. ಮುಗಿಸಿದ ಮಕ್ಕಳಿರುವ ಮನೆಗಳಲ್ಲಿ ಪ್ರತಿ ಮಳೆಗಾಲದ ಹೊತ್ತಿಗೆ ಒಂದೇ ಚರ್ಚೆ: ಡಾಕ್ಟರಿಕೆಯೋ, ಇಂಜಿನಿಯರಿಂಗೋ? ಜೀವಶಾಸ್ತ್ರ ಒಂದು ದಾರಿ, ಗಣಿತ ಇನ್ನೊಂದು ದಾರಿ ಎಂದೇ ನಾವು ತಿಳಿದು ಬಂದಿದ್ದೇವೆ. ಈ ಎರಡೂ ದಾರಿಗಳು ಕೂಡುವ ಒಂದು ಶಾಸ್ತ್ರ ಕೆಲವು ದಶಕಗಳಿಂದ ಬೆಳೆಯುತ್ತಿದೆ. ಅದೇ ಬಯೋ ಇಂಜಿನಿಯರಿಂಗ್ ಅಥವಾ ಜೈವಿಕ ಇಂಜಿನಿಯರಿಂಗ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ಇದಕ್ಕೆಂದು ಆರಂಭವಾದ ಕೇಂದ್ರ ಈಗ ಒಂದು ವಿಭಾಗವೇ ಆಗಿದೆ. ಹೆಮ್ಮಾಡಿಯಲ್ಲಿ ಬೆಳಿಗ್ಗೆ ಬಸ್ಸು ಹತ್ತಿದರೆ ಪಾಠದ ಹೊತ್ತಿಗೆ ತಲುಪಬಹುದಾದ ಮಣಿಪಾಲದಲ್ಲಿಯೂ ಬಯೋಟೆಕ್ನಾಲಜಿ, ಬಯೋಮೆಡಿಕಲ್ ಇಂಜಿನಿಯರಿಂಗ್ ಎರಡನ್ನೂ ಕಲಿಸುತ್ತಾರೆ. ಪೇಸ್‌ಮೇಕರ್, ಕೃತಕ ಹೃದಯ ಕವಾಟ, ಕೃತಕ ಕಾಲು ಇವೆಲ್ಲ ಇಂಥ ಕೂಡುವಿಕೆಯ ಫಲ. ಬಹಳ ಸಂತೋಷ. ಆದರೆ ಮನುಷ್ಯನ ದೇಹಕ್ಕೆ ಸಿಕ್ಕಿದ ಗಮನದಲ್ಲಿ ಒಂದು ಪಾಲಾದರೂ ಅಡಿಕೆ ಮರಕ್ಕೆ ಸಿಗಬೇಕೆಂಬುದು ನಮ್ಮ ಅಭಿಪ್ರಾಯ.

ಕೂಡುವಿಕೆಯೇನೋ ನಮಗೆ ಹೊಸದಲ್ಲ. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್‌ರವರು 1910ರ ಸುಮಾರಿಗೆ ಕೊಳೆರೋಗದ ರೋಗಾಣುವನ್ನು ಅಭ್ಯಾಸ ಮಾಡಿ, ಅದಕ್ಕೆ ಮೈಲುತುತ್ತು ಸುಣ್ಣದ ಬೋರ್ಡೋ ದ್ರಾವಣವೇ ಮದ್ದೆಂದು ತೋರಿಸಿದರು. ರೋಗಾಣುವನ್ನು ಅರಿತದ್ದು ಜೀವಶಾಸ್ತ್ರ. ಮದ್ದನ್ನು ಕೊನೆಯವರೆಗೆ ಏರಿಸಿದ ಪಂಪು, ನಳಿಗೆ ಇಂಜಿನಿಯರಿಂಗ್. ಒಂದಿಲ್ಲದೆ ಇನ್ನೊಂದರಿಂದ ಒಂದು ಗೊನೆಯೂ ಉಳಿಯುತ್ತಿರಲಿಲ್ಲ. ಆದರೆ ಇಷ್ಟು ವರ್ಷ ಇವೆರಡರ ನಡುವಿನ ಅಂತರವನ್ನು ತುಂಬಿದವನು ಕಾಲಿಗೆ ತಳೆ ಹಾಕಿ ಮರ ಏರಿದ ಕೊನೆಗಾರ. ಆಷಾಢದ ಮಳೆ ಒಂದು ಗಳಿಗೆ ಬಿಟ್ಟರೆ ಪಾಚಿ ಕಟ್ಟಿದ ಮರ ಹತ್ತಿ, ಮರದಿಂದ ಮರಕ್ಕೆ ದಾಟಿ ಮದ್ದು ಹೊಡೆದವರು ಎಷ್ಟೋ ಮಂದಿ. ಜಾರಿ ಬಿದ್ದು ಸೊಂಟ ಕಳೆದುಕೊಂಡವರನ್ನು ನಾವೆಲ್ಲ ನೋಡಿದ್ದೇವೆ. ಅವರ ಮಕ್ಕಳು ಮರ ಹತ್ತಲು ಒಪ್ಪದಿದ್ದರೆ ತಪ್ಪೇನು?

ಇದಕ್ಕೆ ಈಗ ಎರಡು ಕಡೆಯಿಂದ ಉತ್ತರ ಬರುತ್ತಿದೆ. ಇಂಜಿನಿಯರುಗಳು ಹಗುರವಾದ ಕಾರ್ಬನ್ ಫೈಬರ್ ದೋಟಿ ಕೊಟ್ಟರು. ನೆಲದ ಮೇಲೆಯೇ ನಿಂತು ಕೊಯ್ಯಬಹುದು, ಮದ್ದೂ ಹೊಡೆಯಬಹುದು. (ಬೆಲೆ ಕೇಳಿದರೆ ಮಾತ್ರ ಸಣ್ಣ ಹಿಡುವಳಿದಾರನ ತಲೆ ತಿರುಗುತ್ತದೆ.) ಜೀವಶಾಸ್ತ್ರದವರು ಮರವನ್ನೇ ಗಿಡ್ಡ ಮಾಡಹೊರಟರು. 1972ರಲ್ಲಿ ಮಂಗಳ ತಳಿಯನ್ನು ಬಿಡುಗಡೆ ಮಾಡಿದ ವಿಟ್ಲದ ಸಂಶೋಧನಾ ಕೇಂದ್ರದವರು, ಹಿರೇಹಳ್ಳಿ ಗಿಡ್ಡ ತಳಿಯನ್ನು ಸುಮಂಗಳ, ಮೋಹಿತ್‌ನಗರ ತಳಿಗಳೊಡನೆ ಕೂಡಿಸಿ ಎರಡು ಗಿಡ್ಡ ಮಿಶ್ರತಳಿಗಳನ್ನು ಪಡೆದಿದ್ದಾರೆ. ಹಿರೇಹಳ್ಳಿ ಗಿಡ್ಡದ ಅಡಿಕೆ ಅಷ್ಟಕ್ಕಷ್ಟೇ. ಅದರ ಎತ್ತರವನ್ನಷ್ಟೇ ಉಳಿಸಿಕೊಂಡು ಅಡಿಕೆಯನ್ನು ಇನ್ನೊಂದು ಕಡೆಯಿಂದ ತರುವುದು ಇದರ ಗುಟ್ಟು.

ತೊಡಕಿರುವುದು ಸಸಿಯಲ್ಲಿ. ಮಿಶ್ರತಳಿಯ ಮರದಿಂದ ಬಿದ್ದ ಗೋಟನ್ನು ನೆಟ್ಟರೆ ಅದೇ ಗುಣ ಬರುವುದಿಲ್ಲ. ಗಿಡ್ಡ ತಾಯಿಮರದ ಹಿಂಗಾರದಿಂದ ಗಂಡು ಹೂಗಳನ್ನು ತೆಗೆದು, ಬೇರೆ ಮರದ ಪರಾಗವನ್ನು ಕೈಯಿಂದಲೇ ಮುಟ್ಟಿಸಬೇಕು. ಹೀಗಾಗಿ ಸಸಿ ಸಿಗುವುದು ಬೆರಳೆಣಿಕೆಗೆ. ನಮ್ಮೂರಿನ ಹೆಸರು ಹೊತ್ತ ಸೇವಂತಿಗೆಯನ್ನು ನೋಡಿರಿ. ಬುಡದಲ್ಲಿ ಮೂಡಿದ ಮರಿಗಿಡ ಕಿತ್ತು ನೆಟ್ಟರೆ ತಾಯಿಯದೇ ಹೂ. ಮಾರಣಕಟ್ಟೆ ಜಾತ್ರೆಗೆ ಅದೇ ಬಣ್ಣ, ಅದೇ ಗಾತ್ರ. ಅಡಿಕೆಗೆ ಆ ಭಾಗ್ಯವಿಲ್ಲ, ಅದು ಮರಿ ಹಾಕುವುದಿಲ್ಲ. ಆದ್ದರಿಂದಲೇ ಎಳೆಯ ಹಿಂಗಾರದ ಚೂರಿನಿಂದ ಟಿಶ್ಯೂ ಕಲ್ಚರ್ ಮೂಲಕ ಸಸಿ ಎಬ್ಬಿಸುವ ವಿಧಾನವನ್ನು ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯವರು ರೂಪಿಸಿದ್ದಾರೆ. ಬಾಳೆಯಲ್ಲಿ ಇದು ಮನೆಮಾತಾಗಿದೆ. ಅಡಿಕೆಯಲ್ಲಿ ನಿಧಾನ, ಖರ್ಚೂ ಹೆಚ್ಚು. ಬಾಟಲಿಯಲ್ಲಿ ಹುಟ್ಟಿದ ಸಸಿಯನ್ನು ಸಾವಿರಗಟ್ಟಲೆಯಲ್ಲಿ, ಅಗ್ಗವಾಗಿ, ಸಾಯದಂತೆ ಮಣ್ಣಿಗೆ ಇಳಿಸುವುದು ಕೇವಲ ಸಸ್ಯಶಾಸ್ತ್ರದಿಂದ ಆಗುವ ಕೆಲಸವಲ್ಲ. ಪಾತ್ರೆ, ಬೆಳಕು, ತೇವ, ಶಾಖ ಎಲ್ಲವನ್ನೂ ಲೆಕ್ಕ ಹಾಕಿ ಕಟ್ಟಬಲ್ಲ ಇಂಜಿನಿಯರು ಬೇಕು. ಮಣಿಪಾಲದಂಥ ಕಡೆ ಕಲಿಯುವ ನಮ್ಮ ಮಕ್ಕಳು ಪ್ರಾಜೆಕ್ಟಿಗೆ ವಿಷಯ ಹುಡುಕುವಾಗ ಇದು ಅವರ ಕಣ್ಣಿಗೆ ಏಕೆ ಬೀಳಬಾರದು?

ಘಟ್ಟದ ಮೇಲಿನ ಕಾಫಿ ಬೆಳೆಗಾರ ಸದಸ್ಯರ ಪಾಡೂ ಬೇರೆಯಲ್ಲ. ಅರೇಬಿಕಾದ ಕಾಂಡದೊಳಗೆ ಕುಳಿತ ಬೋರರ್ ಹುಳು ಹೊರಗೆ ಕಾಣುವಷ್ಟರಲ್ಲಿ ಗಿಡ ಕೈಬಿಟ್ಟಿರುತ್ತದೆ. ಕಾಂಡ ಸೀಳದೆ ಹುಳುವನ್ನು ಪತ್ತೆ ಮಾಡುವ, ಕೂಲಿಯಾಳು ಕೈಯಲ್ಲಿ ಹಿಡಿದು ತಿರುಗಬಹುದಾದ ಅಗ್ಗದ ಉಪಕರಣ ಅವರಿಗೆ ಬೇಕಾಗಿದೆ.

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಒಂದೇ ಮರದ ಚೂರಿನಿಂದ ಎದ್ದ ಸಾವಿರ ಸಸಿಗಳಿಗೆ ಒಂದೇ ಗುಣ, ಒಂದೇ ದೌರ್ಬಲ್ಯ. ಹಳದಿ ಎಲೆ ರೋಗ ಸುಳ್ಯ, ಶೃಂಗೇರಿ, ಕೊಪ್ಪದ ಕಡೆ ತೋಟಗಳನ್ನು ಬರಿದು ಮಾಡಿದ್ದನ್ನು, ಎಲೆಚುಕ್ಕಿ ರೋಗ ಈಚೆಗೆ ಮಲೆನಾಡಿನಲ್ಲಿ ಹರಡಿದ್ದನ್ನು ಕಂಡ ಮೇಲೆ ಎಲ್ಲ ತೋಟಕ್ಕೂ ಒಂದೇ ತಾಯಿ ಸಾಕೆಂದು ನಾವು ಒಪ್ಪಲಾರೆವು. ಹಲವು ತಾಯಿಮರಗಳು ಬೇಕು. ಅವು ಪ್ರಯೋಗಾಲಯದಲ್ಲಿಲ್ಲ, ನಮ್ಮ ತೋಟಗಳಲ್ಲಿವೆ. ಸುತ್ತಲಿನ ಮರಗಳೆಲ್ಲ ರೋಗ ಹಿಡಿದರೂ ಹಸಿರಾಗಿಯೇ ನಿಂತ ಒಂದು ಮರ, ಕೊಳೆಯ ವರ್ಷವೂ ಗೊನೆ ಉಳಿಸಿಕೊಂಡ ಇನ್ನೊಂದು ಮರ: ಇಂಥವನ್ನು ಗುರುತಿಸಬಲ್ಲವನು ತೋಟದ ಧಣಿ ಒಬ್ಬನೇ. ವಿಜ್ಞಾನಿಗಳು ಹುಡುಕುತ್ತಿರುವುದೂ ಇಂಥ ಮರಗಳನ್ನೇ.

ಆದುದರಿಂದ ಸಂಘದ ಕಚೇರಿಯಲ್ಲಿ ಇದಕ್ಕೆಂದೇ ಒಂದು ದಾಖಲೆ ಪುಸ್ತಕ ಇಡಬೇಕೆಂದು ನಾವು ಸೂಚಿಸುತ್ತೇವೆ. ಸದಸ್ಯರು ಈ ಮಳೆಗಾಲದಲ್ಲಿ ಅಂಥ ಮರಕ್ಕೆ ಸುಣ್ಣದ ಪಟ್ಟೆ ಬಳಿದು, ಮರದ ವಯಸ್ಸು, ಬಿಟ್ಟ ಗೊನೆ, ಹೊಡೆದ ಮದ್ದು ಇಷ್ಟನ್ನು ಬರೆಸಲಿ. ಎರಡು ಮೂರು ವರ್ಷದ ಲೆಕ್ಕ ಕೂಡಿದ ಮೇಲೆ ಆ ಪುಸ್ತಕವನ್ನು ಹಿಡಿದುಕೊಂಡೇ ವಿಟ್ಲಕ್ಕೆ ಹೋಗೋಣ.