ಜರ್ಮನ್ ಕಲಿತರೆ ಏನು ಬರುತ್ತೆ, ಮೇಷ್ಟ್ರೇ?

ಕಳೆದ ಭಾನುವಾರ ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತಂದೆಯನ್ನು ಕರೆದುಕೊಂಡು ಮನೆಗೆ ಬಂದಿದ್ದಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದ ಹುಡುಗಿ. ಈಗ ಪಿ.ಯು.ಸಿ. ಮುಗಿಸಿ ಬೆಂಗಳೂರಿನ ಕಾಲೇಜೊಂದರಲ್ಲಿ ಬಿ.ಎಸ್ಸಿ.ಗೆ ಸೇರಿದ್ದಾಳೆ. ಅಲ್ಲಿ ಇಂಗ್ಲಿಷಿನ ಜೊತೆಗೆ ಇನ್ನೊಂದು ಭಾಷೆ ಆರಿಸಿಕೊಳ್ಳಬೇಕು. ಪಟ್ಟಿಯಲ್ಲಿ ಜರ್ಮನ್ ಕೂಡ ಇದೆ. ಅದನ್ನು ಬರೆಯಲು ಹೋದರೆ ಕೌಂಟರಿನಲ್ಲಿದ್ದವರು, “ಕನ್ನಡ ಮೀಡಿಯಮ್ಮಾ? ನಿನಗೆ ಕಷ್ಟ ಆಗುತ್ತೆ, ಬೇರೆ ಏನಾದರೂ ತಗೋ” ಎಂದು ಅರ್ಜಿಯನ್ನು ಹಿಂದಕ್ಕೆ ತಳ್ಳಿದರಂತೆ. ಆ ಜಾಗ ಇನ್ನೂ ಖಾಲಿ ಇದೆ.

ತಂದೆ ಸಹಕಾರ ಸಂಘದಲ್ಲಿ ಗುಮಾಸ್ತರು. ಅವರು ಕೇಳಿದ್ದು ಒಂದೇ ಪ್ರಶ್ನೆ. “ಇದನ್ನ ಕಲಿತರೆ ಏನು ಬರುತ್ತೆ, ಮೇಷ್ಟ್ರೇ?”

ನಾನು ಜರ್ಮನ್ ಪಂಡಿತನಲ್ಲ. ಬಿ.ಎಸ್ಸಿ. ಓದುವಾಗ ರಸಾಯನಶಾಸ್ತ್ರದ ಮೇಷ್ಟ್ರೊಬ್ಬರ ಒತ್ತಾಯಕ್ಕೆ ಒಂದು ವರ್ಷ ಸಂಜೆ ತರಗತಿಗೆ ಹೋಗಿದ್ದೆ, ಬಿ.ಎಡ್.ಗೆ ಸೇರಿದ ಮೇಲೆ ಬಿಟ್ಟೆ. ಆ ಒಂದು ವರ್ಷದ ಬಲದ ಮೇಲೆ ಮಾತನಾಡುತ್ತಿದ್ದೇನೆ ಎಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಆ ಮೇಷ್ಟ್ರು ಒತ್ತಾಯಿಸಲು ಕಾರಣವಿತ್ತು. ಒಂದು ಕಾಲಕ್ಕೆ ರಸಾಯನಶಾಸ್ತ್ರದಲ್ಲಿ ಸಂಶೋಧನೆ ಮಾಡುವವರು ಜರ್ಮನ್ ಓದಲೇಬೇಕಿತ್ತು. ಸಾವಯವ ಸಂಯುಕ್ತಗಳ ಮಹಾಕೋಶವಾದ ಬೈಲ್‌ಸ್ಟೈನ್ 1880ರ ದಶಕದಿಂದ ನೂರು ವರ್ಷ ಜರ್ಮನ್ ಭಾಷೆಯಲ್ಲೇ ಬಂತು. ಐನ್‌ಸ್ಟೈನರ 1905ರ ಪ್ರಬಂಧಗಳೂ ಜರ್ಮನ್ನಿನವೇ. ಕಲ್ಕತ್ತೆಯಲ್ಲಿ ಮೇಘನಾದ ಸಹಾ ಮತ್ತು ಸತ್ಯೇಂದ್ರನಾಥ ಬೋಸ್ ಎಂಬ ಇಬ್ಬರು ಯುವ ಅಧ್ಯಾಪಕರು ಜರ್ಮನ್ ಕಲಿತು, ಸಾಪೇಕ್ಷತಾ ಸಿದ್ಧಾಂತದ ಮೂಲ ಪ್ರಬಂಧಗಳನ್ನು ಇಂಗ್ಲಿಷಿಗೆ ತಂದರು. ಕಲ್ಕತ್ತಾ ವಿಶ್ವವಿದ್ಯಾಲಯ 1920ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿತು. ನಾಲ್ಕು ವರ್ಷಗಳ ನಂತರ ಬೋಸ್ ತಮ್ಮದೇ ಒಂದು ಇಂಗ್ಲಿಷ್ ಪ್ರಬಂಧವನ್ನು ಐನ್‌ಸ್ಟೈನರಿಗೆ ಕಳುಹಿಸಿದಾಗ, ಐನ್‌ಸ್ಟೈನರೇ ಅದನ್ನು ಜರ್ಮನ್ನಿಗೆ ಅನುವಾದಿಸಿ ಅಲ್ಲಿನ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಇಂದು ಬೋಸಾನ್ ಎಂಬ ಕಣದ ಹೆಸರಿನಲ್ಲಿ ಉಳಿದಿರುವುದು ಅದೇ ಬೋಸ್.

ಆದರೆ ಇದನ್ನು ಹೇಳಿ ಯಾವ ಮಕ್ಕಳನ್ನೂ ಮರುಳು ಮಾಡಬಾರದು. ಎರಡು ಮಹಾಯುದ್ಧಗಳಾದವು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಮೇಲೆ ಯಹೂದಿ ವಿಜ್ಞಾನಿಗಳು ಗುಂಪುಗುಂಪಾಗಿ ದೇಶ ಬಿಟ್ಟರು. ವಿಜ್ಞಾನದ ಭಾಷೆ ಇಂಗ್ಲಿಷಾಯಿತು. ಬೈಲ್‌ಸ್ಟೈನ್ ಕೂಡ 1984ರಿಂದ ಇಂಗ್ಲಿಷಿಗೆ ತಿರುಗಿತು. ಇಂದು ಬಿ.ಎಸ್ಸಿ. ಪಾಸಾಗಲು ಜರ್ಮನ್ ಬೇಕಿಲ್ಲ.

“ಹಾಗಾದರೆ ಬೇಡ ಅಂತೀರಾ ಸಾರ್?” ಎಂದಳು ಹುಡುಗಿ.

“ಇರಮ್ಮ, ಜಲಜನಕಕ್ಕೆ ಜರ್ಮನ್ನಿನಲ್ಲಿ ಏನಂತಾರೆ ಗೊತ್ತಾ?” ಎಂದೆ. ವಾಸರ್‌ಷ್ಟೊಫ್. ವಾಸರ್ ಎಂದರೆ ನೀರು, ಷ್ಟೊಫ್ ಎಂದರೆ ವಸ್ತು. ಆಮ್ಲಜನಕ ಜೌವರ್‌ಷ್ಟೊಫ್, ಅಂದರೆ ಹುಳಿಯ ವಸ್ತು. ಇಂಗ್ಲಿಷಿನ ಹೈಡ್ರೋಜನ್, ಆಕ್ಸಿಜನ್ ಎಂಬ ಗ್ರೀಕ್ ಮೂಲದ ಹೆಸರುಗಳು ಇಂಗ್ಲಿಷ್ ಮಕ್ಕಳಿಗೇ ಅರ್ಥವಾಗುವುದಿಲ್ಲ. ನಮ್ಮಲ್ಲೂ ಅವರಲ್ಲೂ ಹೆಸರೇ ಅರ್ಥ ಹೇಳುತ್ತದೆ. ಎಲ್ಲ ಆಮ್ಲಗಳಲ್ಲೂ ಆಕ್ಸಿಜನ್ ಇರುತ್ತದೆ ಎಂದು ಲವಾಸಿಯೇ ತಪ್ಪು ತಿಳಿದು ಇಟ್ಟ ಹೆಸರು ಅದು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಎಲ್ಲಿದೆ? ಆದರೂ ಆ ತಪ್ಪನ್ನು ನಾವೂ ಜರ್ಮನರೂ ಇಂದಿಗೂ ನಿಷ್ಠೆಯಿಂದ ಕಾಪಾಡಿಕೊಂಡು ಬಂದಿದ್ದೇವೆ! ಇನ್ನು ಟಂಗ್‌ಸ್ಟನ್ನಿನ ಸಂಕೇತ ಡಬ್ಲ್ಯು ಏಕೆ? ಜರ್ಮನ್ನಿನಲ್ಲಿ ಅದು ವೋಲ್ಫ್ರಾಮ್. ಸಾವಯವ ರಸಾಯನದಲ್ಲಿ ಬರುವ ಇ ಮತ್ತು ಝಡ್ ಸಮಾಂಗಿಗಳನ್ನು ಮಕ್ಕಳು ಉರು ಹೊಡೆಯುತ್ತಾರೆ. ಎಂಟ್‌ಗೇಗನ್ ಎಂದರೆ ಎದುರು ಬದಿ, ತ್ಸುಝಾಮನ್ ಎಂದರೆ ಒಟ್ಟಿಗೆ ಎಂದು ಗೊತ್ತಿದ್ದರೆ ಉರು ಹೊಡೆಯುವ ಕೆಲಸವೇ ಇಲ್ಲ.

ಕನ್ನಡ ಮಾಧ್ಯಮದವರಿಗೆ ಕಷ್ಟ ಎಂಬ ಕೌಂಟರಿನ ಮಾತಿಗೆ ಈಗ ಬರುತ್ತೇನೆ. ನನ್ನ ಅನುಭವ ಇದಕ್ಕೆ ಉಲ್ಟಾ. ಸಂಜೆ ತರಗತಿಯಲ್ಲಿ ಇಂಗ್ಲಿಷ್ ಶಾಲೆಗಳಲ್ಲಿ ಕಲಿತ ಗೆಳೆಯರು ವಿಭಕ್ತಿ ಬಂದ ಕೂಡಲೇ ಕಣ್ಣುಕಣ್ಣು ಬಿಡುತ್ತಿದ್ದರು. ಜರ್ಮನ್ನಿಗೆ ನಾಲ್ಕು ವಿಭಕ್ತಿ: ಪ್ರಥಮಾ, ದ್ವಿತೀಯಾ, ಚತುರ್ಥೀ, ಷಷ್ಠೀ. ಅನ್ನು, ಗೆ, ಅ ಎಂದು ಬಾಯಿಪಾಠ ಮಾಡಿದ ನಮಗೆ ಅದು ಹೊಸದೇ? ಚಳಿಯಾದರೆ ಇಂಗ್ಲಿಷಿನವನು ‘ನಾನು ಚಳಿ ಇದ್ದೇನೆ’ ಎನ್ನುವಂತೆ ಮಾತನಾಡುತ್ತಾನೆ. ಜರ್ಮನ್ನಿನವನು ‘ಮಿರ್ ಇಸ್ಟ್ ಕಾಲ್ಟ್’ ಎನ್ನುತ್ತಾನೆ. ಮಿರ್ ಎಂದರೆ ನನಗೆ. ನನಗೆ ಚಳಿ! ಥೇಟ್ ನಮ್ಮ ಚತುರ್ಥಿ. ನೀನು, ನೀವು ಎಂಬ ಭೇದವೂ ಅವರಲ್ಲಿದೆ: ಡು ಮತ್ತು ಝೀ.

ವಾಕ್ಯದ ಕ್ರಮ ನೋಡಿ. ವೈಲ್ ಇಷ್ ಮೋರ್ಗನ್ ನಾಖ್ ಮೈಸೂರು ಫಾರೆ. ಯಾಕೆಂದರೆ, ನಾನು, ನಾಳೆ, ಮೈಸೂರಿಗೆ, ಹೋಗುತ್ತೇನೆ. ಒಂದು ಪದವನ್ನೂ ಕದಲಿಸಬೇಕಾಗಿಲ್ಲ. ಇದು ಅಧೀನ ವಾಕ್ಯದ ಮಾತು. ಮುಖ್ಯ ವಾಕ್ಯದಲ್ಲಿ ಕ್ರಿಯಾಪದ ಎರಡನೆಯ ಸ್ಥಾನಕ್ಕೆ ಬಂದು ಕೂರುತ್ತದೆ ಎನ್ನುವುದನ್ನು ಮರೆಯಬಾರದು. ಕ್ರಿಯಾಪದ ಕೊನೆಗೆ ಬರುವವರೆಗೆ ಕಾಯುವ ತಾಳ್ಮೆ ಕನ್ನಡದವನಿಗೆ ಹುಟ್ಟಿನಿಂದಲೇ ಇದೆ.

ಕಷ್ಟ ಇರುವುದು ಲಿಂಗದಲ್ಲಿ. ಕನ್ನಡದಲ್ಲಿ ಅರ್ಥ ನೋಡಿ ಲಿಂಗ ಹೇಳಬಹುದು. ಅವರಲ್ಲಿ ಊಟದ ಮೇಜಿನ ಮೇಲೇ ಜಗಳ. ಚಮಚ ಪುಲ್ಲಿಂಗ, ಮುಳ್ಳು ಚಮಚ ಸ್ತ್ರೀಲಿಂಗ, ಚಾಕು ನಪುಂಸಕ ಲಿಂಗ. ಸೂರ್ಯ ಹೆಣ್ಣು, ಚಂದ್ರ ಗಂಡು. ಹುಡುಗಿ ಎಂಬ ಅರ್ಥದ ಮೇಡ್‌ಷೆನ್ ನಪುಂಸಕ! ಇದಕ್ಕೆ ಡೆರ್, ಡೀ, ಡಾಸ್ ಸೇರಿಸಿ ಮಗ್ಗಿಯಂತೆ ಕಲಿಯುವುದೊಂದೇ ದಾರಿ. ನಾನು ಸೋತದ್ದು ಇಲ್ಲೇ.

ಕಾಲೇಜಿನ ಪಠ್ಯದಲ್ಲಿ ಭಾಷೆಯ ಜೊತೆಗೆ ಸಂಸ್ಕೃತಿ ಎಂದೂ ಇರುತ್ತದೆ. ಎಷ್ಟೋ ಕಡೆ ಅದು ಹಬ್ಬ, ಬ್ರೆಡ್ಡು, ಕಾರಿನ ಹೆಸರುಗಳಲ್ಲೇ ಮುಗಿದುಹೋಗುತ್ತದೆ. ಹಾಗಾಗಬಾರದು. ಪಿ.ಯು.ಸಿ. ಓದಿದ ಪ್ರತಿ ಮಗುವಿಗೂ ಹೇಬರ್ ವಿಧಾನ ಗೊತ್ತು. ಆ ಹೇಬರ್, ಅವರ ಉಚ್ಚಾರಣೆಯಲ್ಲಿ ಹಾಬರ್, ಯಾರು? 1909ರಲ್ಲಿ ಗಾಳಿಯ ಸಾರಜನಕದಿಂದ ಅಮೋನಿಯಾ ತಯಾರಿಸಿ ತೋರಿಸಿದವರು ಫ್ರಿಟ್ಸ್ ಹಾಬರ್. ಅದನ್ನು ಕಾರ್ಖಾನೆಯ ಮಟ್ಟಕ್ಕೆ ಬೆಳೆಸಿದವರು ಕಾರ್ಲ್ ಬಾಷ್. ಬೆಂಗಳೂರಿನವರು ಮೈಕೋ ಎಂದು ಕರೆಯುತ್ತಿದ್ದ ಕಾರ್ಖಾನೆಯ ಮೂಲ ಸಂಸ್ಥೆಯನ್ನು ಕಟ್ಟಿದ ರಾಬರ್ಟ್ ಬಾಷ್ ಇವರ ಚಿಕ್ಕಪ್ಪ. ನಮ್ಮ ಹೊಲಗಳಿಗೆ ಬೀಳುವ ಯೂರಿಯಾದ ಮೂಲ ಆ ಅಮೋನಿಯಾವೇ. ಅದೇ ಹಾಬರ್ 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ರಣರಂಗದಲ್ಲಿ ಶತ್ರುಗಳ ಮೇಲೆ ಕ್ಲೋರಿನ್ ಅನಿಲ ಬಿಡಿಸಿದರು. ಹತ್ತು ದಿನಗಳಲ್ಲಿ ಅವರ ಪತ್ನಿ ಕ್ಲಾರಾ ಪ್ರಾಣ ತೆಗೆದುಕೊಂಡರು. ಆಕೆಯೂ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. 1918ರ ನೊಬೆಲ್ ಬಹುಮಾನ ಹಾಬರ್‌ಗೆ ಬಂತು. 1933ರಲ್ಲಿ, ಯಹೂದಿ ಕುಲದಲ್ಲಿ ಹುಟ್ಟಿದ್ದಕ್ಕೆ, ಯಾವ ದೇಶಕ್ಕಾಗಿ ಇದನ್ನೆಲ್ಲ ಮಾಡಿದರೋ ಆ ದೇಶವನ್ನೇ ಬಿಡಬೇಕಾಯಿತು. ಮರುವರ್ಷ ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ತೀರಿಕೊಂಡರು. ಜರ್ಮನ್ ಸಂಸ್ಕೃತಿ ಎಂದು ಪಾಠ ಮಾಡುವವರು ಈ ಒಂದು ಬಾಳನ್ನು ಓದಿಸಿದರೂ ಸಾಕು.

ಆ ದೇಶ ಇದನ್ನು ಮುಚ್ಚಿಟ್ಟುಕೊಂಡಿಲ್ಲ ಎನ್ನುವುದೂ ಪಾಠದಲ್ಲಿ ಬರಬೇಕು. ನಾಜಿಗಳಿಗೆ ಬಲಿಯಾದವರು ವಾಸವಿದ್ದ ಮನೆಗಳ ಮುಂದೆ, ಕಾಲುದಾರಿಯಲ್ಲಿ, ಅವರ ಹೆಸರು ಕೊರೆದ ಹಿತ್ತಾಳೆ ಫಲಕದ ಪುಟ್ಟ ಕಲ್ಲುಗಳನ್ನು 1990ರ ದಶಕದಿಂದ ಹುಗಿಯುತ್ತಾ ಬಂದಿದ್ದಾರೆ. 2023ರ ಹೊತ್ತಿಗೆ ಯೂರೋಪಿನಲ್ಲಿ ಅವು ಒಂದು ಲಕ್ಷ ದಾಟಿದವು. ಷ್ಟೋಲ್ಪರ್‌ಷ್ಟೈನ್ ಎಂದು ಹೆಸರು. ಅಂದರೆ ಎಡವುಗಲ್ಲು.

ತಂದೆಯವರು ಇಷ್ಟನ್ನೂ ತಾಳ್ಮೆಯಿಂದ ಕೇಳಿದರು. ಆಮೇಲೆ, “ಎಲ್ಲಾ ಸರಿ ಮೇಷ್ಟ್ರೇ, ಕೆಲಸ?” ಎಂದರು. ಕೇಳಬೇಕಾದ ಮಾತೇ.

ಲೆಕ್ಕ ಹಾಕೋಣ ಎಂದೆ. ಜರ್ಮನ್ ಕಲಿಕೆಯನ್ನು ಎ1ರಿಂದ ಸಿ2ರವರೆಗೆ ಆರು ಹಂತ ಮಾಡಿದ್ದಾರೆ. ಮ್ಯಾಕ್ಸ್‌ಮುಲ್ಲರ್ ಭವನ ಎಂದು ನಾವು ಕರೆಯುವ ಗಯಟೆ ಸಂಸ್ಥೆಯ ಅಂದಾಜಿನಂತೆ, ಮೂರನೆಯದಾದ ಬಿ1 ತಲುಪಲು 45 ನಿಮಿಷಗಳ 350ರಿಂದ 650 ಪಾಠಗಳು ಬೇಕು. ಕಾಲೇಜಿನಲ್ಲಿ ವಾರಕ್ಕೆ ನಾಲ್ಕು ಪಾಠ, ಸೆಮಿಸ್ಟರಿಗೆ 15 ವಾರ ಎಂದು ಹಿಡಿದರೆ 60 ಆಯಿತು. ನಾಲ್ಕು ಸೆಮಿಸ್ಟರಿಗೆ 240. ಅಂದರೆ ಚೆನ್ನಾಗಿ ಓದಿದವರು ಎರಡನೆಯ ಹಂತ ಮುಟ್ಟಬಹುದು. ಅನುವಾದಕ್ಕೋ, ಜರ್ಮನ್ ಕಂಪನಿಯ ಕೆಲಸಕ್ಕೋ ಅದು ಸಾಲದು. ಅಲ್ಲಿ ನರ್ಸ್ ಆಗಿ ಕೆಲಸ ಮಾಡಲು ಸಾಮಾನ್ಯವಾಗಿ ನಾಲ್ಕನೆಯದಾದ ಬಿ2 ಕೇಳುತ್ತಾರೆ. ಕಾಲೇಜು ಬಾಗಿಲು ತೆರೆಯುತ್ತದೆ ಅಷ್ಟೇ. ಒಳಗೆ ನಡೆಯಲು ಇನ್ನೂ ಎರಡು ಮೂರು ವರ್ಷ ಬೇಕು. ಜರ್ಮನಿಯಿಂದ 1853ರಲ್ಲಿ ಬಂದ ಕಿಟೆಲ್ ಸಾಹೇಬರು ಕನ್ನಡ ಕಲಿತು, ಕನ್ನಡ–ಇಂಗ್ಲಿಷ್ ನಿಘಂಟನ್ನು ಅಚ್ಚಿಗೆ ತಂದದ್ದು 1894ರಲ್ಲಿ.

ಅಲ್ಲಿ ಓದು ಪುಕ್ಕಟೆ ಎಂಬ ಮಾತನ್ನೂ ಅವರು ಎಲ್ಲೋ ಕೇಳಿದ್ದರು. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಕಡೆ ಬೋಧನಾ ಶುಲ್ಕ ಇಲ್ಲದಿರುವುದು ನಿಜ. ಆದರೆ ಬಾಡೆನ್–ವುರ್ಟೆಂಬರ್ಗ್ ರಾಜ್ಯ 2017ರಿಂದ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೊ ಹಾಕಿತು. ಶುಲ್ಕ ಇಲ್ಲದ ಕಡೆಯೂ ವೀಸಾಕ್ಕೆ ಒಂದು ವರ್ಷದ ಜೀವನ ವೆಚ್ಚವನ್ನು ಮೊದಲೇ ಖಾತೆಯಲ್ಲಿ ಇಟ್ಟು ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ಅದನ್ನು 11,904 ಯೂರೊ ಮಾಡಿದರು. ಹತ್ತು ಲಕ್ಷ ರೂಪಾಯಿ ದಾಟುತ್ತದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಾಲ ಮಾಡಿ, ಇಂಗ್ಲಿಷಿನಲ್ಲೇ ನಡೆಯುವ ಎಂ.ಎಸ್. ಓದಲು ಹೋದ. ಪದವಿ ಬಂತು, ಕೆಲಸಕ್ಕೆ ಒಂದು ವರ್ಷ ಕಾಯಬೇಕಾಯಿತು. “ಸಾರ್, ಲ್ಯಾಬಿನಲ್ಲಿ ಎಲ್ಲರೂ ಇಂಗ್ಲಿಷ್, ಊಟದ ಹಾಲಿನಲ್ಲಿ ಎಲ್ಲರೂ ಜರ್ಮನ್” ಎಂದು ಫೋನಿನಲ್ಲಿ ಹೇಳಿದ್ದ. ಇಪ್ಪತ್ತಾರನೆಯ ವಯಸ್ಸಿನಲ್ಲಿ ಗೋದಾಮಿನಲ್ಲಿ ಪೆಟ್ಟಿಗೆ ಹೊರುತ್ತಾ ಡೆರ್, ಡೀ, ಡಾಸ್ ಕಲಿತ.

ಕೊನೆಗೆ ನನ್ನ ಅಭಿಪ್ರಾಯ ಹೇಳಿದೆ. ಅರ್ಜಿಯ ಖಾಲಿ ಜಾಗದಲ್ಲಿ ಕನ್ನಡ ಬರೆಯಲಿ. ಅದೇ ಕಾಲೇಜಿನಲ್ಲಿ ತರಗತಿ ಮುಗಿದ ಮೇಲೆ ಜರ್ಮನ್ ಸರ್ಟಿಫಿಕೇಟ್ ಕೋರ್ಸು ಇದೆಯಂತೆ, ಅದಕ್ಕೆ ಸೇರಲಿ. ಕನ್ನಡ ಬಿಟ್ಟು ಜರ್ಮನ್ ಹಿಡಿಯುವುದು, ಏಣಿಯ ಕೆಳಗಿನ ಮೆಟ್ಟಿಲು ಕಿತ್ತು ಮೇಲಕ್ಕೆ ಹಾಕಿಕೊಂಡಂತೆ. ಹುಡುಗಿ ಒಪ್ಪಲಿಲ್ಲ. “ಸಂಜೆ ಕೋರ್ಸಿನ ಅಂಕ ಲೆಕ್ಕಕ್ಕೆ ಬರಲ್ಲ ಸಾರ್. ಪರೀಕ್ಷೆ ಹತ್ತಿರ ಬಂದರೆ ನಾನೇ ಬಿಟ್ಟುಬಿಡ್ತೀನಿ. ನೀವೂ ಬಿಟ್ಟಿರಲ್ಲ?” ಎಂದಳು. ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ.

ಭಾಷೆ ಬರೆದುಕೊಡಲು ಇನ್ನು ಒಂಬತ್ತು ದಿನ ಇದೆ. ಸಂಜೆ ತರಗತಿ ಮುಗಿಯುವುದು ಆರೂವರೆಗೆ. ಹಾಸ್ಟೆಲಿನ ಗೇಟು ಎಷ್ಟು ಹೊತ್ತಿಗೆ ಹಾಕುತ್ತಾರೆ ಎಂದು ತಂದೆಯವರು ಸೋಮವಾರ ಹೋಗಿ ವಿಚಾರಿಸಿಕೊಂಡು ಬರುತ್ತೇನೆ ಎಂದಿದ್ದಾರೆ.