ಯಂತ್ರದ ಒಡಲೂ ದುರಸ್ತಿಯ ಕೈಗಳೂ

ಬೈಜಿಕ ಸಮ್ಮಿಲನದ ಶಕ್ತಿಯು ನಿರ್ಮಲವಾದುದೆಂಬ ಮಾತು ಬಹುಕಾಲದಿಂದ ಪ್ರಚಾರದಲ್ಲಿದೆ. ಅದು ಬಹುಮಟ್ಟಿಗೆ ನಿಜವೂ ಹೌದು. ಆದರೆ ಡ್ಯೂಟೀರಿಯಂ ಮತ್ತು ಟ್ರಿಟಿಯಂ ಬೆರೆತಾಗ ಹೊರಚಿಮ್ಮುವ, 14 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ನ್ಯೂಟ್ರಾನುಗಳು ಪಾತ್ರೆಯ ಉಕ್ಕನ್ನೇ ವಿಕಿರಣಶೀಲವನ್ನಾಗಿಸುತ್ತವೆ. ಯಂತ್ರವು ನಿಂತ ಮೇಲೂ ಗೋಡೆಗಳು ಗಾಮಾ ಕಿರಣಗಳನ್ನು ಸೂಸುತ್ತಲೇ ಇರುತ್ತವೆ. ದುರಸ್ತಿಗೆ ಬರುವ ಕಾರ್ಮಿಕನ ಕಷ್ಟವು ಆರಂಭವಾಗುವುದೇ ಆಗ.

ಇಂಗ್ಲೆಂಡಿನ ಕಲ್ಹಾಮ್‌ನಲ್ಲಿ 1983ರಿಂದ 2023ರವರೆಗೆ ದುಡಿದ 'ಜೆಟ್' ಯಂತ್ರವು ಈ ವಿಷಯದಲ್ಲಿ ಮೇಲ್ಪಂಕ್ತಿ ಹಾಕಿತು. 1997ರ ಟ್ರಿಟಿಯಂ ಪ್ರಯೋಗಗಳ ತರುವಾಯ, 1998ರಲ್ಲಿ, ಪಾತ್ರೆಯ ತಳಭಾಗದ ಜೋಡಣೆಗಳನ್ನು ಒಳಗೆ ಮನುಷ್ಯರನ್ನು ಇಳಿಸದೆಯೇ ಬದಲಿಸಲಾಯಿತು. ದೂರದ ಕೊಠಡಿಯಲ್ಲಿ ಕುಳಿತ ಕುಶಲಕರ್ಮಿಗಳು 'ಮ್ಯಾಸ್ಕಾಟ್' ಎಂಬ ಯಂತ್ರಬಾಹುಗಳನ್ನು ನಡೆಸಿದರು. ಆ ಬಾಹುಗಳಿಗೆ ತಗಲಿದ ಒತ್ತಡವು ಅವರ ಕೈಗಳಿಗೂ ತಿಳಿಯುತ್ತಿತ್ತು.

ಕಾರ್ಮಿಕನಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಎಂಬುದು ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗವು ವಿಧಿಸಿರುವ ಮಿತಿ. ಒಬ್ಬನ ಕೆಲಸವನ್ನು ಹತ್ತು ಮಂದಿಗೆ ಹಂಚಿ ಈ ಅಂಕಿಯೊಳಗೆ ನಿಲ್ಲುವುದು ಸುಲಭ. ಅದು ಲೆಕ್ಕಿಗನ ಜಾಣತನವೇ ಹೊರತು, ಅದರಿಂದ ಒಟ್ಟು ಹೊರೆ ಇಳಿಯದು. ಅದು ಇಳಿಯಬೇಕಾದುದು ನಕ್ಷೆ ಬರೆಯುವಾಗಲೇ. ಉಕ್ಕಿನಲ್ಲಿ ಕಿಂಚಿತ್ತಾಗಿ ಅಡಗಿರುವ ಕೋಬಾಲ್ಟ್ ನ್ಯೂಟ್ರಾನನ್ನು ನುಂಗಿ ಕೋಬಾಲ್ಟ್-60 ಆಗುತ್ತದೆ. ಅದರ ಅರ್ಧಾಯುವು ಐದು ವರ್ಷಗಳಿಗೂ ಮಿಕ್ಕದ್ದು. ಫ್ರಾನ್ಸಿನ ಕಾದರಾಷ್‌ನಲ್ಲಿ ಏಳುತ್ತಿರುವ 'ಈಟರ್' ಯಂತ್ರದ ಉಕ್ಕಿಗೆ ಕೋಬಾಲ್ಟಿನ ಮಿತಿಯನ್ನು ಮೊದಲೇ ಗೊತ್ತುಮಾಡಿರುವುದು ಯುಕ್ತವೇ ಆಗಿದೆ. ಅದರ ಗೋಡೆಯೊಳಗೆ ನ್ಯೂಟ್ರಾನುಗಳನ್ನು ತಡೆಯುವ ಫಲಕಗಳು ಭಾರತದ ಪಾಲಿನ ಕಾಣಿಕೆ. ಅವು ಸಿದ್ಧವಾದುದು ಬೆಂಗಳೂರಿನಲ್ಲಿ. ಇಂತಹ ಉಕ್ಕು ದುಬಾರಿಯೆಂಬ ಕಾರಣಕ್ಕೆ ಮುಂದಿನ ಯಂತ್ರಗಳಲ್ಲಿ ಈ ನಿಯಮವನ್ನು ಸಡಿಲಿಸುವುದು ಸಲ್ಲದು.